ಹಳೆಯ ಕೆತ್ತನೆ ಚಿತ್ರ, ಕಲ್ಲಚ್ಚಿನ ಪಟ: ಕೊಳ್ಳುವ ಮುಂಚೆ ಏನು ನೋಡಬೇಕು, ಕೊಂಡ ಮೇಲೆ ಏನು ಮಾಡಬೇಕು

ಕರ್ನಾಟಕದಲ್ಲಿ ಹಳೆಯ ಅಚ್ಚು ಚಿತ್ರ ಕೂಡಿಹಾಕಲು ಹೊರಟವರು ಹೆಚ್ಚಾಗಿ ಎರಡು ಬಗೆಯವುಗಳ ಹಿಂದೆ ಬೀಳುತ್ತಾರೆ. ಒಂದು, ಮೈಸೂರು ಯುದ್ಧಗಳ ಹೊತ್ತಿನಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಬಂದವರು ಬರೆದು, ಲಂಡನ್ನಿನಲ್ಲಿ ತಾಮ್ರದ ತಗಡಿನಿಂದ ಅಚ್ಚಾದ ಶ್ರೀರಂಗಪಟ್ಟಣ, ಬೆಂಗಳೂರು, ಬೆಟ್ಟದ ಕೋಟೆಗಳ ನೋಟಗಳು. ಇನ್ನೊಂದು, ಅಜ್ಜಿಯ ಮನೆಯ ದೇವರ ಕೋಣೆಯಲ್ಲಿ ಇರುತ್ತಿದ್ದಂಥ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ, ಶಕುಂತಲೆ. ಎರಡರಲ್ಲೂ ದುಡ್ಡು ಕಳೆದುಕೊಳ್ಳುವುದು ಒಂದೇ ಕಾರಣಕ್ಕೆ: ಕಣ್ಣು ನೇರವಾಗಿ ಚಿತ್ರಕ್ಕೆ ಹೋಗಿಬಿಡುತ್ತದೆ. ಮೊದಲು ನೋಡಬೇಕಾದ್ದು ಅಂಚು, ಆಮೇಲೆ ಶಾಯಿ, ಆಮೇಲೆ ಹಿಂಬದಿ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಕೊನೆಯ ಪ್ರಶ್ನೆ, ಏಕೆಂದರೆ ಒಳ್ಳೆಯ ಚಿತ್ರದ ನಕಲೂ ಚೆನ್ನಾಗಿಯೇ ಕಾಣುತ್ತದೆ.

ಜೇಬಿನಲ್ಲಿ ಇರಬೇಕಾದ ಸಾಮಾನು ಬಹಳವಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಗಡಿಯಾರ ರಿಪೇರಿಯವರ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ), ಒಂದು ಸಣ್ಣ ಎಲ್ಇಡಿ ಟಾರ್ಚ್, 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್, ಟೈಲರ್ ಟೇಪು. ಟಾರ್ಚ್ ಕೊಳ್ಳುವಾಗ 365 ಎಂಬ ಅಂಕಿಯನ್ನು ನೋಡಿಯೇ ಕೊಳ್ಳಿ. ಅಗ್ಗದ 395ರ ಟಾರ್ಚು ತಾನೇ ನೇರಳೆ ಬೆಳಕು ಚೆಲ್ಲುತ್ತದೆ, ಕಾಗದ ಹೊಳೆಯುತ್ತಿದೆಯೋ ಟಾರ್ಚಿನ ಬಣ್ಣವೋ ತಿಳಿಯುವುದಿಲ್ಲ.

ಅಚ್ಚಿನ ಬಗೆ ಗುರುತಿಸುವುದು

ತಾಮ್ರದ ತಗಡಿನ ಚಿತ್ರಕ್ಕೆ ಸುತ್ತ ಒಂದು ಒತ್ತುಗುರುತು ಇರುತ್ತದೆ. ಒದ್ದೆ ಕಾಗದವನ್ನು ತಗಡಿನ ಮೇಲಿಟ್ಟು ರೋಲರಿನ ಕೆಳಗೆ ತಳ್ಳಿದಾಗ ತಗಡಿನ ಅಂಚು ಕಾಗದದಲ್ಲಿ ಇಳಿದು ಮೂಡುವ ಚೌಕಟ್ಟು ಅದು. ಇಂಗ್ಲಿಷಿನವರ ಪ್ಲೇಟ್ ಮಾರ್ಕ್. ಟಾರ್ಚನ್ನು ಕಾಗದಕ್ಕೆ ಹೆಚ್ಚುಕಡಿಮೆ ಸಮತಲವಾಗಿ ಪಕ್ಕದಿಂದ ಹಿಡಿದರೆ ನೆರಳಿನಲ್ಲಿ ಎದ್ದು ಕಾಣುತ್ತದೆ. ನಿಜವಾದ ಗುರುತಿನ ಮೂಲೆಗಳು ಸ್ವಲ್ಪ ದುಂಡಗಿರುತ್ತವೆ, ತಗಡಿನ ಅಂಚಿನಲ್ಲಿ ಒರೆಸದೆ ಉಳಿದ ಶಾಯಿಯ ತೆಳು ಗೆರೆ ಅಲ್ಲಲ್ಲಿ ಕಾಣಬಹುದು. ಇತ್ತೀಚಿನ ನಕಲುಗಳಲ್ಲೂ ಖಾಲಿ ತಗಡಿನಿಂದ ಒತ್ತಿ ಈ ಗುರುತನ್ನು ಹುಟ್ಟಿಸುತ್ತಾರೆ, ಹಾಗಾಗಿ ಗುರುತು ಕಂಡ ಕೂಡಲೇ ಒಪ್ಪಿಕೊಳ್ಳಬೇಡಿ. ಅದೇ ಓರೆ ಬೆಳಕಿನಲ್ಲಿ ಕಪ್ಪು ಗೆರೆಗಳನ್ನು ನೋಡಿ: ತಗಡಿನ ತಗ್ಗಿನಿಂದ ಎದ್ದು ಬಂದ ಶಾಯಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿ ನಿಂತಿರುತ್ತದೆ. ಆಫ್‌ಸೆಟ್ (ಇವತ್ತಿನ ಯಂತ್ರದ ಅಚ್ಚು) ನಕಲಿನಲ್ಲಿ ಅದು ಚಪ್ಪಟೆ.

ಲೂಪಿನಲ್ಲಿ ಪ್ರತಿ ವಿಧಾನಕ್ಕೂ ಬೇರೆಯೇ ಮುಖ. ಉಳಿಯಿಂದ ಕೆತ್ತಿದ ಗೆರೆ ನಡುವೆ ದಪ್ಪ, ಎರಡೂ ತುದಿಯಲ್ಲಿ ಚೂಪು. ಆಮ್ಲದಿಂದ ತಿನ್ನಿಸಿದ ಗೆರೆಯ ತುದಿ ಮೊಂಡು. ಆಕ್ವಾಟಿಂಟಿನಲ್ಲಿ ಆಕಾಶ, ನೀರು, ಬಂಡೆಯ ನೆರಳು ಗೆರೆಗಳಿಂದಲ್ಲ, ರಾಳದ ಪುಡಿ ಉದುರಿಸಿ ತಿನ್ನಿಸಿದ ತಗಡಿನಿಂದ ಬಂದಿರುತ್ತದೆ. ಲೂಪಿನಡಿ ಅದು ಒಂದೇ ಅಳತೆಯಿಲ್ಲದ ಬಿಳಿ ನಡುಗಡ್ಡೆಗಳ ಸುತ್ತ ಕಪ್ಪು ಬಲೆ ಹೆಣೆದಂತೆ ಕಾಣುತ್ತದೆ. ಒಮ್ಮೆ ಕಂಡರೆ ಮರೆಯುವಂಥದ್ದಲ್ಲ. 1820ರ ದಶಕದಿಂದ ಪುಸ್ತಕಗಳಿಗೆ ಬಳಕೆಗೆ ಬಂದ ಉಕ್ಕಿನ ತಗಡಿನ ಗೆರೆಗಳು ಬಹಳ ಸಣ್ಣ, ಒತ್ತೊತ್ತು, ದೂರದಿಂದ ಬೂದಿ ಬಣ್ಣ. ರಾಬರ್ಟ್ ಎಲಿಯಟ್ ಬರೆದ ಬಿಜಾಪುರದ ನೋಟಗಳು ಈ ಜಾತಿಯವು.

ಮರದ ಅಚ್ಚು ಬೇರೆ. 1842ರಲ್ಲಿ ಆರಂಭವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂಥ ವಾರಪತ್ರಿಕೆಗಳ ಚಿತ್ರಗಳಲ್ಲಿ ಒತ್ತುಗುರುತು ಇರುವುದಿಲ್ಲ, ಬೆನ್ನಿಗೆ ಸುದ್ದಿಯ ಅಕ್ಷರಗಳಿರುತ್ತವೆ. ಹಲವು ಮರದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುತ್ತಿದ್ದುದರಿಂದ ದೊಡ್ಡ ಚಿತ್ರದ ನಡುವೆ ಕೂದಲಿನಂಥ ಬಿಳಿ ಸಂದು ಹಾದುಹೋಗಿರುತ್ತದೆ. ಹೊಸಬರಿಗೆ ಕೈ ಪಳಗಿಸಲು ಇವೇ ಒಳ್ಳೆಯವು, ಬೆಲೆ ಕಡಿಮೆ. ಬಣ್ಣ ಹಾಕಿದ ಪ್ರತಿಗೆ ಮಾತ್ರ ಹೆಚ್ಚು ಕೊಡಬೇಡಿ. ಪತ್ರಿಕೆ ಬಹುಮಟ್ಟಿಗೆ ಕಪ್ಪು ಬಿಳುಪಿನಲ್ಲೇ ಬರುತ್ತಿತ್ತು, ಬಣ್ಣವನ್ನು ಚಿತ್ರ ಮಾರುವವರು ಆಮೇಲೆ ಹಚ್ಚಿದ್ದು.

ಕಲ್ಲಚ್ಚಿಗೆ ಒತ್ತೂ ಇಲ್ಲ, ಉಬ್ಬೂ ಇಲ್ಲ. ಜರ್ಮನಿಯ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ನೀರು ಮತ್ತು ಎಣ್ಣೆಶಾಯಿ ಬೆರೆಯವು ಎಂಬ ಗುಣದಿಂದಲೇ ಅಚ್ಚು ತೆಗೆಯುತ್ತಾರೆ. ಲೂಪಿನಲ್ಲಿ ಕಲ್ಲಿನ ತರಿ ಕಾಣುತ್ತದೆ. ಬಣ್ಣದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಹಾಗಾಗಿ ಚರ್ಮದ ಬಣ್ಣವನ್ನು ದೊಡ್ಡದು ಮಾಡಿ ನೋಡಿದರೆ ಗುಲಾಬಿ, ಹಳದಿ, ಬೂದು, ಕಂದು ಚುಕ್ಕಿಗಳು ಒಂದರ ಮೇಲೊಂದು ಸಾಲು ತಪ್ಪಿ ಬಿದ್ದಿರುತ್ತವೆ. ಚುಕ್ಕಿ ಇಟ್ಟಿದ್ದು ಕೈ, ಆದ್ದರಿಂದ ಲೆಕ್ಕವಿಲ್ಲ. ಇವತ್ತಿನ ಆಫ್‌ಸೆಟ್ ನಕಲಿನಲ್ಲಿ ನಾಲ್ಕೇ ಬಣ್ಣದ ಒಂದೇ ಅಂತರದ ಚುಕ್ಕಿಗಳು ಸಣ್ಣ ಸಣ್ಣ ಹೂವಿನಾಕಾರದಲ್ಲಿ ಸುತ್ತಿಕೊಂಡಿರುತ್ತವೆ. ಇಂಕ್‌ಜೆಟ್ಟಿನಲ್ಲಿ ಬಣ್ಣ ಸಿಂಪಡಿಸಿದ ಮಂಜಿನಂತೆ ಹರಡಿರುತ್ತದೆ, ಕಪ್ಪು ಅಕ್ಷರದ ಅಂಚಿನಲ್ಲೂ ಬಣ್ಣದ ಹನಿ ಇರುತ್ತದೆ. ಪ್ರೆಸ್ಸಿನ ಹೆಸರಿನ ಸಣ್ಣ ಅಕ್ಷರಗಳ ಮೇಲೆ ಲೂಪ್ ಇಟ್ಟು ನೋಡುವುದೇ ಎಲ್ಲಕ್ಕಿಂತ ಬೇಗದ ಪರೀಕ್ಷೆ: ಕಲ್ಲಚ್ಚಿನಲ್ಲಿ ಅಕ್ಷರ ಒಂದೇ ಬಣ್ಣದ ಗಟ್ಟಿ ಗೆರೆ, ನಕಲಿನಲ್ಲಿ ಚುಕ್ಕಿಗಳ ಗುಂಪು.

ಮೈಸೂರು ಸೀಮೆಯ ನೋಟಗಳು

ಹೆಸರು ಗೊತ್ತಿರಬೇಕಾದವರು ನಾಲ್ವರು. ರಾಬರ್ಟ್ ಹೋಮ್‌ನ ಗೆರೆ ಕೆತ್ತನೆಗಳು 1794ರಲ್ಲಿ ಬಂದವು. ಅಲೆಕ್ಸಾಂಡರ್ ಅಲನ್‌ನ 20 ನೋಟಗಳೂ ಅದೇ ವರ್ಷದವು. ಕೋಲ್‌ಬ್ರೂಕ್‌ನ 12 ಆಕ್ವಾಟಿಂಟುಗಳು 1790ರ ದಶಕದಲ್ಲಿ ಮೊದಲು ಬಂದು, 1805ರಲ್ಲಿ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನಿಂದ ಮತ್ತೆ ಬಂದವು. ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ, ಅವನ 40 ನೋಟಗಳನ್ನು ಓರ್ಮನೇ 1804–05ರಲ್ಲಿ ಹೊರತಂದ. ಇವರ ಜೊತೆಗೆ ರಾಬರ್ಟ್ ಕೆರ್ ಪೋರ್ಟರನ ಶ್ರೀರಂಗಪಟ್ಟಣದ ಮುತ್ತಿಗೆಯ ದೊಡ್ಡ ಚಿತ್ರವನ್ನು ವೆಂಡ್ರಮಿನಿ ಚುಕ್ಕಿ ಕೆತ್ತನೆಯಲ್ಲಿ ಮೂರು ಹಾಳೆಗಳಾಗಿ ತಂದಿದ್ದಾನೆ. ಮೂರೂ ಒಟ್ಟಿಗೆ ಸಿಗುವುದು ಅಪರೂಪ, ಒಂದೇ ಹಾಳೆಯನ್ನು ಇಡೀ ಚಿತ್ರವೆಂದು ಮಾರುವುದು ಅಪರೂಪವಲ್ಲ.

ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದುವ ಕ್ರಮ ಹೀಗೆ. ಎಡತುದಿಯಲ್ಲಿ ಬರೆದವನ ಹೆಸರು, ಅದರ ಮುಂದೆ ‘ಡೆಲ್’ ಎಂದಿದ್ದರೆ ರೇಖಾಚಿತ್ರ ಮಾಡಿದವ, ‘ಪಿಂಕ್ಸ್ಟ್’ ಎಂದಿದ್ದರೆ ವರ್ಣಚಿತ್ರ ಮಾಡಿದವ. ಬಲತುದಿಯಲ್ಲಿ ‘ಸ್ಕಲ್ಪ್’ ಎಂದಿದ್ದರೆ ಕೆತ್ತಿದವ. ನಡುವೆ ಕೆಳಗೆ ಪ್ರಕಾಶಕ, ವಿಳಾಸ, ತಾರೀಕು. ಬ್ರಿಟನ್ನಿನ 1735ರ ಕಾನೂನಿನಂತೆ ಹಕ್ಕು ಉಳಿಯಬೇಕಾದರೆ ಹೆಸರು ಮತ್ತು ತಾರೀಕು ತಗಡಿನಲ್ಲೇ ಕೆತ್ತಿರಬೇಕಿತ್ತು, ಅದಕ್ಕೇ ಆ ಕಾಲದ ಇಂಗ್ಲಿಷ್ ಚಿತ್ರಗಳಲ್ಲಿ ತಾರೀಕು ಸಿಗುತ್ತದೆ.

ಆದರೆ ಆ ತಾರೀಕು ತಗಡಿನದು, ನಿಮ್ಮ ಕೈಯಲ್ಲಿರುವ ಹಾಳೆಯದಲ್ಲ. ಹಾಳೆಯ ವಯಸ್ಸಿಗೆ, ಕಾಗದ ತಯಾರಿಸುವಾಗಲೇ ಒಳಗೆ ಮೂಡಿಸುವ, ಬೆಳಕಿಗೆ ಹಿಡಿದರೆ ಕಾಣುವ ವಾಟರ್‌ಮಾರ್ಕ್ ನೋಡಬೇಕು. ಹಾಳೆಯನ್ನು ಕಿಟಕಿಗೆ ಎದುರಾಗಿ ಹಿಡಿಯಿರಿ. ಹಿಡಿಯುವಾಗ ಎರಡೂ ಕೈ ಅಂಗೈ ಅಗಲಿಸಿ ಮೇಲಿನ ಅಂಚಿನ ಕೆಳಗಿರಲಿ; ಬೆರಳ ತುದಿಯಿಂದ ಚಿವುಟಿ ಹಿಡಿದರೆ ಅರ್ಧಚಂದ್ರದ ಮಡಿಕೆ ಬಿದ್ದೇ ಬೀಳುತ್ತದೆ. ಜೆ. ವಾಟ್‌ಮನ್ ಎಂಬ ಇಂಗ್ಲಿಷ್ ಕಾಗದ ತಯಾರಕರ ಹೆಸರು ಮತ್ತು ಇಸವಿ ಕಂಡರೆ ಬರೆದುಕೊಳ್ಳಿ. 1794ರಲ್ಲಿ ಇಂಗ್ಲೆಂಡಿನಲ್ಲಿ ರಫ್ತಾಗುವ ಕಾಗದದ ಸುಂಕ ವಾಪಸು ಸಿಗಲು ಇಸವಿ ಬೇಕೆಂದಾದ ಮೇಲೆ ಕಾಗದದವರು ಇಸವಿ ಹಾಕತೊಡಗಿದರು. ಇಸವಿ ತಗಡಿನ ತಾರೀಕಿಗಿಂತ ಒಂದೆರಡು ವರ್ಷ ಹಿಂದಿದ್ದರೆ ಸಹಜ. 1804ರ ಚಿತ್ರ 1820ರ ದಶಕದ ಕಾಗದದಲ್ಲಿದ್ದರೆ ಅದು ಹಳೆ ತಗಡಿನಿಂದ ಆಮೇಲೆ ತೆಗೆದ ಪ್ರತಿ. ಸುಳ್ಳೇನಲ್ಲ, ಆದರೆ ಬೆಲೆ ಬೇರೆ. ತಾಮ್ರ ಮೆತು, ಆಕ್ವಾಟಿಂಟಿನ ತರಿ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ತಡವಾದ ಪ್ರತಿಗಳಲ್ಲಿ ಮೋಡ ಮತ್ತು ದೂರದ ಬೆಟ್ಟ ಬಿಳಿಚಿಕೊಂಡಿರುತ್ತವೆ, ಅದನ್ನು ಮುಚ್ಚಲು ಬಣ್ಣ ಗಾಢವಾಗಿ ಬಳಿದಿರುತ್ತಾರೆ.

ಬಣ್ಣದ ವಿಷಯ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆ ಕಾಲದ ಆಕ್ವಾಟಿಂಟನ್ನು ಒಂದೋ ಎರಡೋ ಶಾಯಿಯಲ್ಲಿ, ಅಂದರೆ ಆಕಾಶಕ್ಕೆ ನೀಲಿ, ನೆಲಕ್ಕೆ ಕಂದು ಹಾಕಿ ಅಚ್ಚು ತೆಗೆದು, ಉಳಿದದ್ದನ್ನು ಕೈಯಲ್ಲಿ ಜಲವರ್ಣದಿಂದ ತುಂಬುತ್ತಿದ್ದರು. ಹಾಗಾಗಿ ಕೈಬಣ್ಣ ಇರುವುದು ದೋಷವಲ್ಲ. ಹೊಸ ಬಣ್ಣವೋ ಹಳೆಯದೋ ತಿಳಿಯಲು ಕಾಗದದ ಗಾಯಗಳನ್ನು ನೋಡಿ: ಮಡಿಕೆ ಬಿರಿದ ಕಡೆ ಬಣ್ಣ ಬಿರುಕಿನೊಳಗೆ ಇಳಿದಿದ್ದರೆ, ಕಂದು ಕಲೆಯ ಮೇಲೆ ಬಣ್ಣ ಹಾದುಹೋಗಿದ್ದರೆ, ಬಣ್ಣ ಬಂದದ್ದು ಗಾಯದ ನಂತರ.

ಬೆಲೆ ಇಳಿಸುವ ದೋಷಗಳಲ್ಲಿ ಮೊದಲನೆಯದು ಒತ್ತುಗುರುತಿನ ಒಳಕ್ಕೆ ಕತ್ತರಿಸಿದ ಅಂಚು. ಕಟ್ಟು ಹಾಕುವವರು ಇದ್ದ ಚೌಕಟ್ಟಿಗೆ ಕೂರಿಸಲು ಕತ್ತರಿ ಆಡಿಸಿದ್ದು. ಹೆಸರು, ತಾರೀಕು ಎಲ್ಲ ಹೋಗಿರುತ್ತದೆ. ಎಡ ಅಂಚಿನಲ್ಲಿ ಹೊಲಿಗೆಯ ತೂತುಗಳ ಸಾಲಿದ್ದರೆ ಹಾಳೆ ಪುಸ್ತಕದಿಂದ ಬಿಡಿಸಿದ್ದು. ಹಿಂದೆಂದೋ ಬಿಡಿಸಿದ ಹಾಳೆ ಕೊಳ್ಳಬಹುದು. ಪೂರ್ಣ ಸಂಪುಟವನ್ನು ನಿಮ್ಮೆದುರೇ ಬಿಚ್ಚಿ ಹಾಳೆ ಲೆಕ್ಕದಲ್ಲಿ ಮಾರುವವರಿಂದ ಕೊಳ್ಳಬೇಡಿ, ಒಂದು ಅಪರೂಪದ ಪುಸ್ತಕ ಹಾಳಾಗಲು ಗಿರಾಕಿಯೇ ಕಾರಣ.

ರವಿವರ್ಮ ಪ್ರೆಸ್ಸಿನ ಪಟಗಳು

ಪ್ರೆಸ್ಸು 1894ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಶುರುವಾಗಿ, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಕೈಗೆ ಬಂತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಪ್ರೆಸ್ಸು ಆಮೇಲೂ ದಶಕಗಳ ಕಾಲ ನಡೆಯಿತು, ಧುರಂಧರ್ ಮೊದಲಾದ ಬೇರೆ ಕಲಾವಿದರ ಚಿತ್ರಗಳನ್ನೂ ಅಚ್ಚು ಹಾಕಿತು. ಆದ್ದರಿಂದ ಪಟದ ಮೇಲೆ ಪ್ರೆಸ್ಸಿನ ಹೆಸರಿದೆ ಎಂದಾಕ್ಷಣ ಚಿತ್ರ ರವಿವರ್ಮನದೇ ಎನ್ನಲಾಗದು. ಈ ಪಟಗಳಿಗೆ ಪೆನ್ಸಿಲ್ಲಿನ ಸಹಿಯಾಗಲಿ, ನೂರರಲ್ಲಿ ಇಷ್ಟನೆಯದು ಎಂಬ ಸಂಖ್ಯೆಯಾಗಲಿ ಇರಲಿಲ್ಲ. ಅಂಥದ್ದು ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ.

ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು, ಊರು ಓದಿ. ಮುಂಬಯಿ ಎಂದಿರುವುದು ಮೊದಲ ಕಾಲದ್ದು. ಕಾರ್ಲಾ, ಲೋಣಾವಳ ಎಂದಿರುವುದು ನಂತರದ್ದು. ಘಾಟ್ಕೋಪರಿನ ರವಿ ಉದಯ ಪ್ರೆಸ್ಸು ಬೇರೆಯೇ ಸಂಸ್ಥೆ. ಹೆಚ್ಚು ಸಿಗುವ ಅಳತೆ ಸುಮಾರು 20 ಇಂಚು ಎತ್ತರ, 14 ಇಂಚು ಅಗಲ. ಅಚ್ಚಾದ ಮೇಲೆ ವಾರ್ನಿಷ್ ಹಚ್ಚಿ ಎಣ್ಣೆಬಣ್ಣದ ಚಿತ್ರದಂತೆ ಕಾಣಿಸುತ್ತಿದ್ದರು; ಆ ವಾರ್ನಿಷ್ ಈಗ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಸೀರೆ, ಒಡವೆಗಳ ಮೇಲೆ ಜರಿ, ಚಮಕಿ, ಬಟ್ಟೆ ಅಂಟಿಸಿದ ಪಟಗಳೂ ಇವೆ. ಅದು ಮನೆಗಳಲ್ಲಿ ನಡೆದ ಕೈಕೆಲಸ, ಕೀಳಬೇಡಿ. ಜರಿಯಿರುವ ಪಟಕ್ಕೇ ಹೆಚ್ಚು ಕೊಡುವವರು ಇದ್ದಾರೆ.

ಈಗ ನೇರಳಾತೀತ ಟಾರ್ಚಿನ ಕೆಲಸ. ಕಾಗದ ಬೆಳ್ಳಗೆ ಕಾಣಲೆಂದು ಹಾಕುವ ಹೊಳಪು ರಾಸಾಯನಿಕ ಸುಮಾರು 1950ರಿಂದೀಚೆಗೆ ಬಳಕೆಗೆ ಬಂದದ್ದು. ಕತ್ತಲಲ್ಲಿ ಟಾರ್ಚು ಹಾಕಿದಾಗ ಅಂಚು ತಿಳಿನೀಲಿಯಾಗಿ ಹೊಳೆದರೆ ಕಾಗದ ಹೊಸದು. ಆದರೆ ಹಳೆಯ ಪಟಕ್ಕೆ ಹಿಂದಿನಿಂದ ಹೊಸ ಹಾಳೆ ಅಂಟಿಸಿದ್ದರೆ ಬೆನ್ನು ಹೊಳೆಯುತ್ತದೆ, ಅಂಚಿನ ಮುಂಬದಿ ಹೊಳೆಯುವುದಿಲ್ಲ. ಎರಡೂ ಕಡೆ ನೋಡಿ. ಹೊಳೆಯದಿದ್ದರೆ ಹಳೆಯದೇ ಎಂದೂ ಅಲ್ಲ, ಆ ರಾಸಾಯನಿಕ ಇಲ್ಲದ ಕಾಗದ ಇವತ್ತೂ ತಯಾರಾಗುತ್ತದೆ.

ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದು ಮಾಡಿದ ಹಾಳೆ ಎಲ್ಲ ಕಡೆ ಒಂದೇ ಕಂದು. ನಿಜವಾಗಿ ಗೋಡೆಯ ಮೇಲೆ ಕಾಲ ಕಳೆದ ಪಟದಲ್ಲಿ ಕಟ್ಟಿನ ಮರೆಯಲ್ಲಿದ್ದ ಅರ್ಧ ಇಂಚು ತಿಳಿಯಾಗಿ, ಬೆಳಕು ಬಿದ್ದದ್ದು ಗಾಢವಾಗಿ ಇರುತ್ತದೆ. ಬೆನ್ನಿನಲ್ಲಿ ಹಿಂಬದಿಯ ಹಲಗೆಯ ಸಂದುಗಳು ಉದ್ದ ಕಂದು ಪಟ್ಟೆಗಳಾಗಿ ಮೂಡಿರುತ್ತವೆ. ಇದನ್ನು ನಕಲು ಮಾಡುವ ತಾಳ್ಮೆ ಯಾರಿಗೂ ಇದ್ದಂತಿಲ್ಲ.

ಮುಂಬಯಿಯ ಚೋರ್ ಬಜಾರ್, ಕಾರೈಕುಡಿಯ ಹಳೆ ಸಾಮಾನಿನ ಬೀದಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು ಹುಡುಕುವ ಜಾಗಗಳು. ಅಸಲಿ ಪಟಗಳ ಪಕ್ಕದಲ್ಲೇ ನಕಲೂ ಇರುತ್ತದೆ, ಮಾರುವವರಿಗೇ ವ್ಯತ್ಯಾಸ ತಿಳಿಯದಿರಬಹುದು. ಗಾಜಿನೊಳಗಿನ ಪಟವನ್ನು ಬಿಚ್ಚಿ ತೋರಿಸದಿದ್ದರೆ ನಕಲಿನ ಬೆಲೆಯನ್ನೇ ಹೇಳಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಾಲ್ಕು ಫೋಟೋ ಕೇಳಿ: ಪೂರ್ತಿ ಹಾಳೆ ಅಂಚು ಸಮೇತ, ಪೂರ್ತಿ ಬೆನ್ನು, ಕೆಳಗಿನ ಅಕ್ಷರ, ಲೂಪಿಗೆ ಮೊಬೈಲ್ ಹಿಡಿದು ತೆಗೆದ ಮುಖದ ಭಾಗ.

ಹೊರದೇಶದಲ್ಲಿರುವವರು ಒಂದು ವಿಷಯ ತಿಳಿದಿರಬೇಕು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ರವಿವರ್ಮನ ಕೃತಿಗಳು ಕಲಾ ನಿಧಿಯೆಂದೂ ಘೋಷಿತವಾಗಿವೆ. ಊರಿನ ಮನೆಯ ಪಟವನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೊರಡುವ ಮುಂಚೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಎಂಬ ಪತ್ರ ಪಡೆಯಿರಿ, ಇಲ್ಲದಿದ್ದರೆ ಅಲ್ಲೇ ಬಿಡಿ.

ಕಟ್ಟು ಬಿಚ್ಚುವುದು, ಮತ್ತೆ ಹಾಕುವುದು

ಮೇಜಿನ ಮೇಲೆ ಕಂಬಳಿ ಹಾಸಿ ಗಾಜು ಕೆಳಮುಖ ಮಾಡಿ ಮಲಗಿಸಿ. ಬೆನ್ನಿನ ಕಾಗದವನ್ನು ಕತ್ತರಿಸುವ ಮುಂಚೆ ಅಲ್ಲಿರುವ ಕಟ್ಟಿನಂಗಡಿಯ ಚೀಟಿ, ಕೈಬರಹದ ಫೋಟೋ ತೆಗೆದುಕೊಳ್ಳಿ. ಮೊಳೆಗಳನ್ನು ಇಕ್ಕಳದಿಂದ ಹಲಗೆಗೆ ಸಮವಾಗಿ ಎಳೆಯಿರಿ, ಮೇಲಕ್ಕೆ ಮೀಟಿದರೆ ಗಾಜು ಒಡೆದು ಪಟ ಸೀಳುತ್ತದೆ. ಹಲಗೆ ತೆಗೆದ ಮೇಲೆ ಪಟವನ್ನು ಎತ್ತಬೇಡಿ. ತೆಳುವಾದ ಕಾಗದದ ಪಟ್ಟಿಯನ್ನು ಗಾಜು ಮತ್ತು ಪಟದ ನಡುವೆ ಒಂದು ಮೂಲೆಯಿಂದ ತೂರಿಸಿ ನೋಡಿ. ಪಟ್ಟಿ ಎಲ್ಲಾದರೂ ತಡೆದರೆ ವಾರ್ನಿಷ್ ಗಾಜಿಗೆ ಅಂಟಿದೆ ಎಂದರ್ಥ. ಮಳೆಗಾಲದ ತೇವ ಕಂಡ ಪಟಗಳಲ್ಲಿ ಇದು ಬಹಳ ಸಾಮಾನ್ಯ. ಎಳೆದರೆ ಬಣ್ಣ ಗಾಜಿನ ಮೇಲೆ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಗಾಜಿನ ಸಮೇತ ಹಾಗೇ ಇಟ್ಟು ತಿಳಿದವರಿಗೆ ಒಪ್ಪಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇಂಥ ಕೆಲಸಕ್ಕೇ ಇದೆ.

ಸ್ವಚ್ಛಗೊಳಿಸುವುದು ಅಂದರೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು, ಅಷ್ಟೇ. ಅಂಚು ಗಟ್ಟಿಯಿದ್ದರೆ ಬಿಳಿ ವಿನೈಲ್ ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿ ಮಸಿ ತೆಗೆಯಬಹುದು. ಚಿತ್ರದ ಮೇಲೆ ಬೇಡ. ಒದ್ದೆ ಬಟ್ಟೆ, ಬ್ಲೀಚು, ಲ್ಯಾಮಿನೇಷನ್, ಸೆಲ್ಲೋ ಟೇಪ್, ಫೆವಿಕಾಲ್ ಯಾವುದೂ ಬೇಡ. ಲ್ಯಾಮಿನೇಷನ್ ಮಾಡಿಸಿದ ಪಟಕ್ಕೆ ಮರಳಿ ದಾರಿಯಿಲ್ಲ.

ಹೊಸ ಕಟ್ಟಿಗೆ ಅಂಗಡಿಯವರಿಗೆ ಆಮ್ಲರಹಿತ ಹತ್ತಿ ಬೋರ್ಡಿನ ಮೌಂಟ್ (ಪಟದ ಸುತ್ತ ಕೂರುವ, ನಡುವೆ ಕಿಟಕಿ ಕತ್ತರಿಸಿದ ರಟ್ಟು) ಬೇಕೆಂದು ಬಿಡಿಸಿ ಹೇಳಿ. ಮಾಮೂಲಿ ಬೋರ್ಡನ್ನು ಕತ್ತರಿಸಿದ ಓರೆ ಅಂಚು ಕೆಲವೇ ವರ್ಷದಲ್ಲಿ ಹಳದಿಯಾಗಿ, ಪಟದ ಮೇಲೆ ಸುಟ್ಟಂಥ ಕಂದು ಚೌಕ ಬಿಡುತ್ತದೆ. ಹಿಂದೆ ಪ್ಲೈವುಡ್ ನೇರವಾಗಿ ತಾಗಬಾರದು. ಮೌಂಟಿನ ಕಿಟಕಿಯನ್ನು ಒತ್ತುಗುರುತಿನಿಂದ 5–6 ಮಿಲಿಮೀಟರ್ ಹೊರಗೆ ಕತ್ತರಿಸಲಿ. ಗಾಜು ಪಟಕ್ಕೆ ತಾಗದಿರಲಿ, ಅದಕ್ಕೆ ಮೌಂಟಿನ ದಪ್ಪವೇ ಸಾಕು.

ಪಟವನ್ನು ಬೋರ್ಡಿಗೆ ಪೂರ್ತಿ ಅಂಟಿಸುವ ಅಂಗಡಿಯವರೇ ಹೆಚ್ಚು. ಆ ಕೆಲಸ ನೀವೇ ಇಟ್ಟುಕೊಳ್ಳಿ. ಮೇಲಿನ ಅಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಹಿಂಜುಗಳು, ಅಂದರೆ ಪಟವನ್ನು ತೂಗಿಹಿಡಿಯುವ ಪಟ್ಟಿಗಳು, ಸಾಕು: ಒಂದಿಂಚು ಅಗಲ, ಪಟದ ಬೆನ್ನಿಗೆ 5 ಮಿಲಿಮೀಟರ್ ಅಂಟಿ ಉಳಿದದ್ದು ಹಿಂದಿನ ಬೋರ್ಡಿಗೆ. ಹಿಂಜಿನ ಕಾಗದ ಪಟದ ಕಾಗದಕ್ಕಿಂತ ತೆಳುವಾಗಿರಲಿ, ಕಟ್ಟು ಬಿದ್ದಾಗ ಹರಿಯಬೇಕಾದ್ದು ಹಿಂಜು. ಅಂಟಿಗೆ ಶುದ್ಧ ಗೋಧಿ ಪಿಷ್ಟ ಎರಡು ಚಮಚ, ಡಿಸ್ಟಿಲ್ಡ್ ನೀರು ಹತ್ತು ಚಮಚ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಬಿಡದೆ ಕಲಕಿ, ಅರೆಪಾರದರ್ಶಕವಾದಾಗ ಇಳಿಸಿ, ಆರಿಸಿ, ಜರಡಿಯಲ್ಲಿ ಎರಡು ಸಲ ಉಜ್ಜಿ ತೆಗೆಯಿರಿ. ಮೈದಾ ಗೋಂದು ಬೇಡ, ಅದರಲ್ಲಿ ಹುಳಕ್ಕೆ ಬೇಕಾದ ಪ್ರೋಟೀನ್ ಇದೆ. ಅಂಟು ತೀರಾ ನೀರಾದರೆ ಪಟದ ಮುಂಬದಿಯಲ್ಲಿ ಅಲೆ ಎದ್ದು ಕಾಣುತ್ತದೆ. ಬ್ರಷ್ಷು ಹೆಚ್ಚುಕಡಿಮೆ ಒಣಗಿದಂತಿರಲಿ. ಹಚ್ಚಿದ ಮೇಲೆ ಬ್ಲಾಟಿಂಗ್ ಕಾಗದವಿಟ್ಟು ಒಂದು ಗಂಟೆ ತೂಕ ಹೇರಿ. ಅಂಚು ಧಾರಾಳವಾಗಿದ್ದರೆ ಅಂಟೇ ಬೇಡ, ನಾಲ್ಕು ಮೂಲೆಗೆ ಕಾಗದದ ಜೇಬು ಮಡಚಿ ಕೂರಿಸಿದರಾಯಿತು.

ಇಡುವುದು

ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಬಿಲ್ಲೆ ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ. ತೇವಾಂಶ 45ರಿಂದ 55 ಶೇಕಡಾ ಒಳ್ಳೆಯದು. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಸಾಧಿಸುವುದು ಕಷ್ಟ, ಆ ನಾಲ್ಕು ತಿಂಗಳು ಒಳ್ಳೆಯ ಹಾಳೆಗಳನ್ನು ಗೋಡೆಯಿಂದಿಳಿಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಪೆಟ್ಟಿಗೆಯಲ್ಲಿಡುವುದು ಲೇಸು. ಕಟ್ಟಿಲ್ಲದ ಹಾಳೆಗಳನ್ನು ಸುತ್ತಿಡದೆ ಚಪ್ಪಟೆಯಾಗಿ, ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿಡಿ. ಪಿವಿಸಿ ಕವರುಗಳು ಅಂಟಿಕೊಳ್ಳುತ್ತವೆ. ಬೇವಿನ ಎಲೆ, ಬಜೆ ಹಾಕುವ ಮನೆಯ ರೂಢಿಗೆ ಅಡ್ಡಿಯಿಲ್ಲ, ಆದರೆ ಬಟ್ಟೆಯ ಗಂಟಿನಲ್ಲಿ, ಹಾಳೆಗೆ ತಾಗದ ಹಾಗೆ; ಎಲೆಯನ್ನು ನೇರ ಹಾಳೆಗಳ ನಡುವೆ ಇಟ್ಟರೆ ಅದರ ಆಕಾರವೇ ಕಲೆಯಾಗಿ ಉಳಿಯುತ್ತದೆ.

ಪ್ರತಿ ಹಾಳೆಗೂ ಒಂದು ಚೀಟಿ ಬರೆದಿಡಿ: ಶೀರ್ಷಿಕೆ, ಬರೆದವ, ಕೆತ್ತಿದವ, ಪ್ರಕಾಶಕ, ತಾರೀಕು, ವಾಟರ್‌ಮಾರ್ಕ್, ಚಿತ್ರದ, ಒತ್ತುಗುರುತಿನ, ಹಾಳೆಯ ಅಳತೆಗಳು ಎತ್ತರ ಮೊದಲು ಅಗಲ ಆಮೇಲೆ, ದೋಷಗಳು, ಕೊಂಡ ಜಾಗ, ಬೆಲೆ. ಹಾಳೆಯ ಮೇಲೆ ಏನಾದರೂ ಬರೆಯಲೇಬೇಕಾದರೆ ಬೆನ್ನಿನ ಮೂಲೆಯಲ್ಲಿ ಎಚ್‌ಬಿ ಪೆನ್ಸಿಲ್ಲಿನಿಂದ, ಗಟ್ಟಿ ನೆಲದ ಮೇಲಿಟ್ಟು.

ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ತೆರೆದು ನೋಡಿ. ಕಟ್ಟಿನ ಕೆಳಗೆ ಸಣ್ಣ ಪುಡಿ ಉದುರಿದ್ದರೆ ಹುಳ ಒಳಗಿದೆ. ಆ ಪಟವನ್ನು ಬೇರೆ ಕೋಣೆಗೆ ಒಯ್ದು ಬಿಚ್ಚಿ. ವಾರ್ನಿಷ್ ಇಲ್ಲದ ಬರಿಯ ಕಾಗದದ ಹಾಳೆಯಾದರೆ ಬ್ಲಾಟಿಂಗ್ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿದು, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಚೀಲವನ್ನು ಪೂರ್ತಿ ಒಂದು ದಿನ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ನೀರು ಕೂರುತ್ತದೆ. ವಾರ್ನಿಷ್ ಹಚ್ಚಿದ ರವಿವರ್ಮ ಪಟಗಳಿಗೆ ಈ ಉಪಾಯ ಬೇಡ, ತಣ್ಣಗಾದಾಗ ವಾರ್ನಿಷ್ ಬಿರಿಯುತ್ತದೆ.